ಕಳವಾದಿಂದ ಪೆರ್ಡೂರಿಗೆ, ಸಿಂಗಾಪುರ ಮಾರ್ಗವಾಗಿ

ಮಧ್ವರಾಜ ರಾಯರಿಗೆ ಎರಡು ಚಾಳಿಗಳಿದ್ದವು. ಒಂದು, ಹೊಸದು ಯಾವುದು ಬಂದರೂ ಅದು ಮೊದಲು ತಮ್ಮಲ್ಲಿಗೇ ಬರಬೇಕೆಂಬ ಹಟ. ಇನ್ನೊಂದು, ತಮ್ಮ ಮಾತು ಮುಗಿದ ಕೂಡಲೇ ಎದುರಿನವರ ಮಾತಿಗೆ ಕಾಯದೆ ಫೋನ್ ಇಟ್ಟುಬಿಡುವುದು. ಬೇರೆ ಬೇರೆ ಇದ್ದಷ್ಟು ಕಾಲ ಇವೆರಡರಿಂದ ಲೋಕಕ್ಕೇನೂ ಉಪದ್ರವ ಇರಲಿಲ್ಲ. ಎರಡು ಸಾವಿರದ ಎಂಟನೆಯ ಇಸವಿಯ ಮೇ ತಿಂಗಳಲ್ಲಿ ಎರಡೂ ಒಟ್ಟಾದವು.

ಮುಂಬಯಿ ಪಕ್ಕದ ಕಳವಾ ಸ್ಟೇಶನ್ನಿನಿಂದ ಲೋಕಲ್ ರೈಲು ರಿಪೇರಿಯ ಕಾರ್‌ಶೆಡ್ಡಿಗೆ ಹೋಗುವ ದಾರಿಯಲ್ಲಿ ರಾಯರ ಹೋಟೆಲು. ಹೆಸರು ಮಧ್ವವಿಲಾಸ. ಎಂಟು ಮೇಜು, ಮೂರು ಫ್ಯಾನು, ಅದರಲ್ಲಿ ತಿರುಗುವುದು ಎರಡು. ಆದರೆ ಸಾಂಬಾರಿಗೆ ಮಾತ್ರ ಠಾಣೆಯವರೆಗೆ ಹೆಸರಿತ್ತು. ಕಾರ್‌ಶೆಡ್ಡಿನ ಫಿಟ್ಟರುಗಳು ಇಡ್ಲಿಯನ್ನು ನೆಪಕ್ಕೆ ತೆಗೆದುಕೊಂಡು ಸಾಂಬಾರನ್ನು ಮೂರು ಸಲ ಹಾಕಿಸಿಕೊಳ್ಳುವವರು. ಈ ಸಾಂಬಾರು ರಾಯರದಲ್ಲ, ಅಡುಗೆಯ ಯಜ್ಞೇಶ್ವರ ಭಟ್ಟರದು ಎಂಬುದು ಕಳವಾಕ್ಕೆಲ್ಲ ಗೊತ್ತಿತ್ತು. ರಾಯರಿಗೂ ಗೊತ್ತಿತ್ತು. ಆದರೆ ಅಡುಗೆಯವರನ್ನು ಎದುರಿಗೆ ಹೊಗಳಿದರೆ ಮರುದಿನವೇ ಉಪ್ಪು ಹೆಚ್ಚಾಗುತ್ತದೆ ಎಂದು ಅವರ ತಂದೆ ಹೇಳಿಹೋಗಿದ್ದರು. ಹಾಗಾಗಿ ಭಟ್ಟರು ಬಂದ ಇಪ್ಪತ್ತೆರಡು ವರ್ಷಗಳಲ್ಲಿ ರಾಯರು ಒಂದು ದಿನವೂ "ಚೆನ್ನಾಗಿದೆ" ಎಂದವರಲ್ಲ.

ಭಟ್ಟರು ಪ್ರತಿವರ್ಷ ಏಪ್ರಿಲ್‌ನಲ್ಲಿ ಉಡುಪಿ ಕಡೆಯ ತಮ್ಮ ಊರು ಪೆರ್ಡೂರಿಗೆ ಹೋಗುತ್ತಿದ್ದರು. ಊರಿನಲ್ಲಿ ಉಪನಯನ, ಮದುವೆಗಳ ಕಾಲ ಅದು. ಅಷ್ಟು ದಿನ ರಾಯರ ಹೆಂಡತಿ ವಾರಿಜಮ್ಮ ಒಲೆಯ ಮುಂದೆ ನಿಂತು ಹೇಗೋ ಸುಧಾರಿಸುತ್ತಿದ್ದರು. ಗಿರಾಕಿಗಳೂ ವ್ರತ ಹಿಡಿದವರಂತೆ ಸಹಿಸಿಕೊಳ್ಳುತ್ತಿದ್ದರು. ಜೂನ್ ಬಂತೆಂದರೆ ಭಟ್ಟರು ವಾಪಸು ಬರಬೇಕು. ಆದರೆ ಕರೆಯದೆ ಬರಲು ಭಟ್ಟರೇನು ಮಳೆಯೇ? ಅದಕ್ಕೊಂದು ಕ್ರಮವಿತ್ತು. ರಾಯರು ಫೋನ್ ಮಾಡಬೇಕು, ಭಟ್ಟರು ಮೂರು ಪ್ರಶ್ನೆ ಕೇಳಬೇಕು. ಗ್ರೈಂಡರ್ ರಿಪೇರಿ ಆಯಿತಾ? ಬೇರೆ ಭಟ್ಟರನ್ನು ಇಟ್ಟುಕೊಂಡಿರಾ? ಹಾಗಾದರೆ ನಾನು ಬರಬೇಕಾ? ಇಪ್ಪತ್ತೆರಡು ವರ್ಷವೂ ಅವೇ ಪ್ರಶ್ನೆಗಳು, ಅವೇ ಉತ್ತರಗಳು. ಮುಖ್ಯವಾದ ನಿಯಮ ಒಂದೇ, ಉತ್ತರ ತಡವಾಗಬಾರದು. ತಡೆದು ತಡೆದು ಬಂದ "ಬನ್ನಿ"ಯೂ ಭಟ್ಟರ ಪಾಲಿಗೆ "ಬೇಡ"ವೇ ಆಗಿತ್ತು.

ಇಂಥ ಹೊತ್ತಿನಲ್ಲಿ ಹೋಟೆಲಿಗೆ ಪ್ರೇಮನಾಥ ಬಂದ. ಮೂಲ್ಕಿಯ ಹುಡುಗನಾಗಿ ಬಂದು ಠಾಣೆಯ ಫೋನ್ ಕಂಪನಿಯ ಆಫೀಸಿನಲ್ಲಿ ನಡುವಯಸ್ಸಿನವನಾದವನು. ಕಂಕುಳಲ್ಲಿ ಬೂಟಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ.

"ರಾಯ್ರೆ, ನಮ್ಮ ಕಂಪನಿಗೂ ನವಿ ಮುಂಬಯಿಯ ಒಂದು ಇಂಟರ್ನೆಟ್ ಕಂಪನಿಗೂ ಸಂಬಂಧ ಕೂಡಿ ಬಂತು. ಅವರ ಹತ್ರ ತಂತಿ ಇಲ್ಲ, ನಮ್ಮ ಹತ್ರ ಹೊಸ ಬುದ್ಧಿ ಇಲ್ಲ. ಇಬ್ರೂ ಸೇರಿ ಈ ಪೆಟ್ಟಿಗೆ ಮಾಡಿದ್ದು. ಇದಕ್ಕೆ ಫೋನ್ ಸಿಕ್ಕಿಸಿದ್ರೆ ಮಾತು ಇಂಟರ್ನೆಟ್ಟಲ್ಲಿ ಹೋಗ್ತದೆ. ಊರಿಗೆ ಎಷ್ಟು ಹೊತ್ತು ಬೇಕಾದ್ರೂ ಮಾತಾಡಿ, ಎಸ್‌ಟಿಡಿ ಬಿಲ್ಲು ಇಲ್ಲವೇ ಇಲ್ಲ."

"ಕಳವಾದಲ್ಲಿ ಯಾರ್ಯಾರು ತಗೊಂಡಿದ್ದಾರೆ?" ರಾಯರು ಕೇಳಿದರು.

"ಯಾರೂ ಇಲ್ಲ. ನೀವೇ ಫಸ್ಟು."

ಅಷ್ಟು ಸಾಕಾಯಿತು. ಸಂಜೆಯೊಳಗೆ ಗಲ್ಲಾದ ಮೇಲಿದ್ದ ದೇವರ ಪಟ ಒಂದು ಮೊಳ ಆಚೆ ಸರಿಯಿತು. ಆ ಜಾಗದಲ್ಲಿ ಹಸಿರು ದೀಪ ಮಿಣುಕಿಸುವ ಪೆಟ್ಟಿಗೆ ಕೂತಿತು. "ಇಲ್ಲಿ ಇಂಟರ್ನೆಟ್ ಫೋನ್ ಇದೆ" ಎಂಬ ಬೋರ್ಡು ಮರಾಠಿ, ಕನ್ನಡ ಎರಡರಲ್ಲೂ ಬಂತು. ಇದ್ದರೆ ಏನು, ಯಾರಿಗೆ ಉಪಯೋಗ ಎಂದು ಬೋರ್ಡಿನಲ್ಲಿ ಬರೆದಿರಲಿಲ್ಲ.

ಜೂನ್ ಎರಡರ ಬೆಳಿಗ್ಗೆ ಹತ್ತಕ್ಕೆ, ಪಾಳಿ ಮುಗಿಸಿ ಬಂದ ಫಿಟ್ಟರುಗಳೆಲ್ಲ ಕೂತಿರುವ ಹೊತ್ತು ನೋಡಿ ರಾಯರು ಪೆರ್ಡೂರಿಗೆ ಫೋನ್ ಹಚ್ಚಿದರು.

"ಭಟ್ರೆ, ನಾನು ಮಧ್ವರಾಜ! ಇಂಟರ್ನೆಟ್ಟಿಂದ ಮಾತಾಡ್ತಿದ್ದೇನೆ!"

ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಭಟ್ಟರ ಸ್ವರ ಪಕ್ಕದ ಮೇಜಿನಿಂದ ಬಂದಷ್ಟು ಸ್ಪಷ್ಟವಾಗಿ ಬಂತು. "ಹೋ ರಾಯ್ರಾ. ಗ್ರೈಂಡರ್ ರಿಪೇರಿ ಆಯ್ತಾ?"

"ಆಯ್ತು ಭಟ್ರೆ, ಹೋದ ವಾರವೇ ಆಯ್ತು. ಈಗ ಎಂಥ ಕೆಲಸ ಮಾರ್ರೆ! ಮೊದಲಿನ ಹಾಗೆ ಬೊಬ್ಬೆ ಇಲ್ಲ, ಬೆಳಿಗ್ಗೆ ಐದಕ್ಕೆ ಶುರು ಮಾಡಿದ್ರೆ ಒಂದು ತಕರಾರಿಲ್ಲ."

ರಾಯರು ಬಾಯಿ ಮುಚ್ಚುವ ಮೊದಲೇ ಎರಡನೆಯ ಪ್ರಶ್ನೆ ಬಂತು. "ಬೇರೆ ಭಟ್ರನ್ನು ಇಟ್ಕೊಂಡ್ರಾ?"

"ಛೆ ಛೆ, ಇಲ್ಲ ಮಾರ್ರೆ! ಅಂಥ ಯೋಚನೆ ಕನಸಲ್ಲೂ ಇಲ್ಲ."

ಮೂರನೆಯದು ಬರುವಾಗ ಭಟ್ಟರ ಗಂಟಲು ಯಾಕೋ ಕಟ್ಟಿದಂತಿತ್ತು. "ಹಾಗಾದ್ರೆ... ನಾನು ಬರ್ಬೇಕಾ?"

ಪ್ರೀತಿಯಿಂದ ಕಟ್ಟಿದೆ ಎಂದುಕೊಂಡರು ರಾಯರು. "ಅದು ಕೇಳುವ ಮಾತಾ ಭಟ್ರೆ? ನಾಳೆಯೇ ರೈಲು ಹತ್ತಿ! ಟಿಕೆಟಿನ ದುಡ್ಡು ನಾನೇ ಕೊಡ್ತೇನೆ. ಒಳ್ಳೇದಾಗ್ಲಿ!" ಎಂದು ಫೋನ್ ಇಟ್ಟು, ಸಭೆಯ ಕಡೆ ತಿರುಗಿದರು. "ನೋಡಿದ್ರಾ? ಒಂದೇ ನಿಮಿಷ!" ಫಿಟ್ಟರುಗಳು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದು ಸಾಂಬಾರು ಬರುತ್ತದೆ ಎಂಬುದಕ್ಕೆ.

ಎರಡು ದಿನ ಬಿಟ್ಟು ರಾಯರು ನಸುಕಿನಲ್ಲಿ ಠಾಣೆ ಸ್ಟೇಶನ್ನಿಗೆ ಹೋಗಿ ನಿಂತರು. ಊರ ಕಡೆಯಿಂದ ಬರುವ ಮತ್ಸ್ಯಗಂಧಾ ರೈಲು ಬಂತು. ಉಡುಪಿಯ ಅರ್ಧ ಜನ ಇಳಿದರು, ಹಲಸಿನ ಹಣ್ಣು ಇಳಿಯಿತು, ಭಟ್ಟರು ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ಮೂರನೆಯ ದಿನ ಪ್ಲಾಟ್‌ಫಾರಮ್ಮಿನ ಪೋಲೀಸನೇ ಬಂದು, ದಿನಾ ಇಲ್ಲಿ ನಿಂತು ಬೇರೆಯವರ ಗಂಟುಮೂಟೆ ನೋಡುವುದು ಯಾಕೆಂದು ವಿಚಾರಿಸಿದ. ರಾಯರು ಮನೆಗೆ ಬಂದರು.

ವಾರಿಜಮ್ಮ ತಮ್ಮ ಮೊಬೈಲಿನಿಂದ ಭಟ್ಟರ ಹೆಂಡತಿ ಶ್ರೀಮತಿಯವರಿಗೆ ಫೋನ್ ಮಾಡಿದರು. ಅಲ್ಲಿಂದ ಅಳುವೇ ಮೊದಲು ಕೇಳಿಸಿತು.

"ಎಂತ ವಾರಿಜಕ್ಕ, ಇಪ್ಪತ್ತೆರಡು ವರ್ಷ ದುಡಿದವರಿಗೆ ಹೀಗಾ ಹೇಳುವುದು? ಇವರು ಮೂರು ದಿನದಿಂದ ಸರಿ ಊಟ ಮಾಡ್ಲಿಲ್ಲ. ಗ್ರೈಂಡರ್ ರಿಪೇರಿ ಆಯ್ತಾ ಕೇಳಿದ್ರೆ ರಾಯ್ರು ಮಾತೇ ಆಡ್ಲಿಲ್ಲಂತೆ. ಬೇರೆ ಭಟ್ರನ್ನು ಇಟ್ಕೊಂಡ್ರಾ ಕೇಳಿದ್ದಕ್ಕೆ, ಹೋದ ವಾರವೇ ಆಯ್ತು, ಎಂಥ ಕೆಲಸ, ಮೊದಲಿನ ಹಾಗೆ ಬೊಬ್ಬೆ ಇಲ್ಲ ಅಂದ್ರಂತೆ. ಇವರು ಬೊಬ್ಬೆ ಹೊಡೆಯುವವರಾ ಅಕ್ಕ?"

ಸ್ವಲ್ಪ ಹೊಡೆಯುತ್ತಾರೆ ಎಂದು ವಾರಿಜಮ್ಮನಿಗೆ ಗೊತ್ತಿತ್ತು.

"ಆಮೇಲೆ ನಾನು ಬರ್ಬೇಕಾ ಅಂತ ಕೇಳಿದ್ರೆ, ಅಂಥ ಯೋಚನೆ ಕನಸಲ್ಲೂ ಇಲ್ಲ ಅಂದ್ರು. ಸರಿ, ನವಿ ಮುಂಬಯಿ ನೆರೂಲಿನ ಜಯಶೀಲ ಶೆಟ್ರು ಅವರ ಹೋಟೆಲಿಗೆ ಕರೀತಿದ್ದಾರೆ, ಹೋಗ್ಲಾ ಅಂತ ಇವರು ಸುಮ್ನೆ ಕೇಳಿದ್ದು. ನಾಳೆಯೇ ರೈಲು ಹತ್ತಿ, ಟಿಕೆಟಿನ ದುಡ್ಡು ನಾನೇ ಕೊಡ್ತೇನೆ, ಒಳ್ಳೇದಾಗ್ಲಿ ಅಂದು ಫೋನ್ ಕುಕ್ಕಿದ್ರಂತೆ!"

ವಾರಿಜಮ್ಮ ಆರ್ಡರು ಬರೆಯುವ ಪುಸ್ತಕ ತೆಗೆದು ಎಡಗಡೆ ಭಟ್ಟರ ಪ್ರಶ್ನೆ, ಬಲಗಡೆ ಗಂಡನ ಉತ್ತರ ಬರೆದರು. ಬರೆದು, ಹತ್ತು ನಿಮಿಷ ನೋಡಿ, ಗಂಡನ ಮುಂದೆ ಹಿಡಿದರು.

"ನೋಡಿ ಇಲ್ಲಿ. ನೀವು ಹೇಳಿದ್ದೆಲ್ಲ ಸರಿ ಉಂಟು. ಆದ್ರೆ ನಿಮ್ಮ ಉತ್ತರಗಳೆಲ್ಲ ಒಂದೊಂದು ಸಾಲು ಕೆಳಗೆ ಜಾರಿವೆ. ಮೊದಲನೇ ಪ್ರಶ್ನೆಯ ಉತ್ತರ ಎರಡನೇದಕ್ಕೆ ಹೋಗಿ ಕೂತಿದೆ, ಎರಡನೇದ್ದು ಮೂರನೇದಕ್ಕೆ, ಮೂರನೇದ್ದು ನೀವು ಫೋನ್ ಇಟ್ಟ ಕಾರಣ ಕೇಳಿಸದ ಶೆಟ್ರ ಪ್ರಶ್ನೆಗೆ. ನಿಮ್ಮ ಫೋನು ಮಾತನ್ನು ತಡ ಮಾಡಿ ಮುಟ್ಟಿಸ್ತದೆ."

"ಫೋನಿನದ್ದೇನೂ ತಪ್ಪಿಲ್ಲ!" ರಾಯರು ಪೆಟ್ಟಿಗೆಗೆ ಅಡ್ಡ ನಿಂತರು. ಎರಡು ಭಾಷೆಯ ಬೋರ್ಡು ಹಾಕಿದ ಮೇಲೆ ತಪ್ಪಿದೆ ಎಂದು ಹೇಗೆ ಒಪ್ಪುವುದು? "ಭಟ್ರಿಗೇ ಶೆಟ್ರ ಹೋಟೆಲಿನ ಆಸೆ. ನೆಪ ಬೇಕಿತ್ತು."

"ಹಾಗಾ? ಸರಿ. ಫೋನೂ ನಿಮ್ಮದೇ, ನಾಳೆಯಿಂದ ಸಾಂಬಾರೂ ನಿಮ್ಮದೇ" ಎಂದು ವಾರಿಜಮ್ಮ ಸೌಟನ್ನು ಗಂಡನ ಕೈಗೆ ಕೊಟ್ಟು ಗಲ್ಲಾದಲ್ಲಿ ಹೋಗಿ ಕೂತರು.

ಮರುದಿನ ರಾಯರು ಸಾಂಬಾರು ಮಾಡಿದರು. ಗಲ್ಲಾದಲ್ಲಿ ಕೂತು ಇಪ್ಪತ್ತೆರಡು ವರ್ಷ ಅದರ ವಾಸನೆ ಕುಡಿದವರಿಗೆ ಮಾಡಲು ಬಾರದೇ ಎಂಬ ಧೈರ್ಯ. ಕಾರ್‌ಶೆಡ್ಡಿನ ಶೈಲೇಶ್ ಎಂಬ ಹಿರಿಯ ಫಿಟ್ಟರ್ ಇಡ್ಲಿಯನ್ನು ಬಟ್ಟಲಲ್ಲಿ ಅದ್ದಿ, ತಿಂದು, ಬಹಳ ವಿನಯದಿಂದ ಕೇಳಿದ, "ಅಣ್ಣಾ, ಆಜ್ ಸಾಂಬಾರ್ ನಹೀ ಹೈ ಕ್ಯಾ?"

ಇವತ್ತು ಸಾಂಬಾರಿಲ್ಲವಾ ಎಂದು ಕೇಳಿದವನ ಬಟ್ಟಲು ತುಂಬ ಸಾಂಬಾರಿತ್ತು.

ಅದರ ಮರುದಿನ ಶೈಲೇಶ್ ಮನೆಯಿಂದ ಡಬ್ಬಿ ತಂದ. ನಾಲ್ಕನೆಯ ದಿನ ಎದುರಿನ ವಡಾಪಾವ್ ಗಾಡಿಯವನು ಇನ್ನೊಂದು ಬಾಣಲೆ ಇಟ್ಟ. ಐದನೆಯ ದಿನ ಬೆಳಗಿನ ಹತ್ತು ಗಂಟೆಗೆ ಎಂಟು ಮೇಜುಗಳಲ್ಲಿ ಒಬ್ಬನೇ ಗಿರಾಕಿ, ಅವನೂ ಫ್ಯಾನಿನ ಗಾಳಿಗೆ ಬಂದವನು. ಆ ದಿನ ಮಧ್ಯಾಹ್ನ ಶ್ರೀಮತಿಯವರ ಫೋನ್ ಬಂತು. ಶೆಟ್ಟರು ಶುಕ್ರವಾರದ ರೈಲಿಗೆ ಟಿಕೆಟ್ ಕಳಿಸಿದ್ದಾರಂತೆ. ರಾಯರ ಮೋರೆ ಬೆಂದು ತಣಿದ ಬದನೆಕಾಯಿಯ ಹಾಗಾಯಿತು. ತಂದೆ ಕಟ್ಟಿದ ಹೋಟೆಲು ತನ್ನ ಕೈಯಲ್ಲಿ ಮುಚ್ಚುತ್ತದೆ ಎಂಬ ಭಯ ಆಗ ಮೊದಲ ಬಾರಿಗೆ ನಿಜವಾಗಿ ಹುಟ್ಟಿತು. ಅವರು ಬಾಯಿಮುಚ್ಚಿಕೊಂಡು ಫೋನ್ ಕಂಪನಿಗೆ ದೂರು ಕೊಟ್ಟರು.

ಬುಧವಾರ ಎರಡು ಕಂಪನಿಗಳೂ ಬಂದವು. ಫೋನ್ ಕಂಪನಿಯ ಪರವಾಗಿ ಪ್ರೇಮನಾಥ, ಇಂಟರ್ನೆಟ್ ಕಂಪನಿಯ ಪರವಾಗಿ ಶ್ರದ್ಧಾ ಎಂಬ ಇಂಜಿನಿಯರ್ ಹುಡುಗಿ. ಡೊಂಬಿವಲಿಯಲ್ಲಿ ಹುಟ್ಟಿದವಳು. ಅಪ್ಪ ಅಮ್ಮ ಕುಂದಾಪುರದವರಾದ್ದರಿಂದ ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು.

ಪ್ರೇಮನಾಥ ತಂತಿಯನ್ನು ಬೀದಿಯ ಕಂಬದವರೆಗೆ ಸವರಿ ನೋಡಿ ಬಂದ. "ತಂತಿ ನಮ್ಮದು, ಆರೋಗ್ಯವಾಗಿದೆ. ಮಾತು ಅವರದ್ದು."

ಶ್ರದ್ಧಾ ಕಂಪ್ಯೂಟರ್ ತೆರೆದು ನೋಡಿ ತಪ್ಪನ್ನು ಹಳೆಯ ತಂತಿಯ ಮೇಲೆ ಹಾಕಿದಳು. "ಬಾತ್ ಠೀಕ್ ಹೈ. ವಾಯರ್ ಪುರಾನಾ ಹೈ."

"ಮಾತು ತಡ ಆಗ್ತದೆ ಅಂತ ನಮ್ಮ ದೂರು" ಎಂದರು ವಾರಿಜಮ್ಮ. "ಆ ತಡ ಯಾರದ್ದು?"

ಇಬ್ಬರೂ ಕರಾರಿನ ಹಾಳೆ ತಿರುವಿದರು. ಎರಡು ಕಂಪನಿಗಳ ಕರಾರಿನಲ್ಲಿ ತಂತಿಯ ಬಗ್ಗೆ ಹನ್ನೊಂದು ಪುಟ, ಮಾತಿನ ಬಗ್ಗೆ ಒಂಬತ್ತು ಪುಟ ಇದ್ದವು. ನಡುವಿನ ತಡ ಯಾರ ಪಾಲಿಗೂ ಬಂದಿರಲಿಲ್ಲ. ಶ್ರದ್ಧಾ ಹಾಳೆಯ ಮೇಲೆ ಗೆರೆ ಎಳೆದು ದಾರಿ ತೋರಿಸಿದಳು. ಮಾತು ಕಳವಾದಿಂದ ನವಿ ಮುಂಬಯಿಗೆ, ಅಲ್ಲಿಂದ ಸಿಂಗಾಪುರಕ್ಕೆ, ಅಲ್ಲಿ ಸರದಿಯಲ್ಲಿ ನಿಂತು, ತಿರುಗಿ ಮಂಗಳೂರಿಗೆ, ಆಮೇಲೆ ಪೆರ್ಡೂರಿಗೆ. ಹೋಗಲು ಐದು ಸೆಕೆಂಡು, ಬರಲು ಐದು ಸೆಕೆಂಡು.

"ನನ್ನ ಮಾತು ಸಿಂಗಾಪುರಕ್ಕೆ ಹೋಗ್ತದಾ?" ಇಷ್ಟು ಕಷ್ಟದಲ್ಲೂ ರಾಯರ ಎದೆ ಅರ್ಧ ಅಂಗುಲ ಮುಂದೆ ಬಂತು. ಪಾಸ್‌ಪೋರ್ಟ್ ಮಾಡಿಸಲು ಅವರು ಮೂರು ಸಲ ಹೋಗಿ ಮೂರು ಸಲವೂ ಯಾವುದೋ ಕಾಗದ ಸಾಲದೆ ವಾಪಸಾದವರು.

ಎರಡು ಪ್ಲೇಟು ಇಡ್ಲಿ ತಿಂದು, ಸಾಂಬಾರನ್ನು ಮುಟ್ಟದೆ, ಎರಡು ಕಂಪನಿಗಳೂ ಸೇರಿ ಒಂದು ವರದಿ ಬರೆದವು. ತಂತಿಯಲ್ಲಿ ದೋಷವಿಲ್ಲ. ಮಾತಿನಲ್ಲಿ ದೋಷವಿಲ್ಲ. ಗ್ರಾಹಕರು ಬೇಗ ಬೇಗ ಮಾತಾಡುತ್ತಾರೆ. ಕೆಳಗೆ ಪ್ರೇಮನಾಥನ ಸಹಿ, ಶ್ರದ್ಧಾಳ ಸಹಿ, ಗ್ರಾಹಕರ ಸಹಿಗೆ ಜಾಗ.

ವಾರಿಜಮ್ಮ ಮತ್ತೆ ಪೆರ್ಡೂರಿಗೆ ಮೊಬೈಲಿನಲ್ಲಿ ಮಾತಾಡಿ ಸಿಂಗಾಪುರದ ಕಥೆ ಹೇಳಿದರು. ಭಟ್ಟರು ಫೋನ್ ಮುಟ್ಟಲಿಲ್ಲ. ದೂರದಿಂದ ಗುಡುಗಿದ್ದು ಮಾತ್ರ ಕೇಳಿಸಿತು. "ಮಾತು ತುಂಡಾದದ್ದು ಗೊತ್ತುಂಟು, ಕೇಳದೆ ಹೋದದ್ದು ಗೊತ್ತುಂಟು. ಮಾತು ಪರದೇಶದಲ್ಲಿ ಸರದಿಯಲ್ಲಿ ನಿಲ್ಲುವುದು ಯಾವ ಶಾಸ್ತ್ರದಲ್ಲಿ ಉಂಟು? ಅದೇ ಫೋನಿಂದ ಅವರೇ ಮಾತಾಡ್ಲಿ. ತಪ್ಪು ತಂತಿಯದ್ದೋ ರಾಯ್ರದ್ದೋ ನಾನೇ ನೋಡ್ತೇನೆ!"

ಗುರುವಾರ ಮಧ್ಯಾಹ್ನ ಮೂರು ಗಂಟೆ. ಮರುದಿನ ಭಟ್ಟರು ಶೆಟ್ಟರ ಟಿಕೆಟಿನಲ್ಲಿ ರೈಲು ಹತ್ತುವವರು. ಮಧ್ವವಿಲಾಸದಲ್ಲಿ ಅನೇಕ ದಿನಗಳ ಮೇಲೆ ಜನ ತುಂಬಿತ್ತು. ತಿನ್ನಲು ಬಂದವರು ಯಾರೂ ಇಲ್ಲ, ಎಲ್ಲ ನೋಡಲು ಬಂದವರು. ಶ್ರದ್ಧಾ ರಾಯರಿಗೆ ಪಾಠ ಹೇಳಿಕೊಟ್ಟಿದ್ದಳು. ಒಂದು ಮಾತು ಆಡಬೇಕು, ಹದಿನೈದು ಎಣಿಸಬೇಕು, ಆಮೇಲೆ ಇನ್ನೊಂದು ಮಾತು. ಅತ್ತ ವಾರಿಜಮ್ಮ ಶ್ರೀಮತಿಯವರಿಗೂ ಅದನ್ನೇ ಹೇಳಿದ್ದರು, ಭಟ್ಟರೂ ಎಣಿಸಿಯೇ ಮಾತಾಡಲಿ ಎಂದು. ಈ ಎರಡನೆಯ ಏರ್ಪಾಡು ರಾಯರಿಗೂ ಶ್ರದ್ಧಾಳಿಗೂ ಗೊತ್ತಿರಲಿಲ್ಲ.

"ಭಟ್ರೆ, ನಮಸ್ಕಾರ" ಎಂದರು ರಾಯರು.

"ಏಕ್, ದೋ, ತೀನ್" ಎಂದು ಫಿಟ್ಟರುಗಳು ಒಟ್ಟಿಗೆ ಎಣಿಸಿದರು. ಶೈಲೇಶ್ ಬೆರಳು ಮಡಚಿದ. ಹದಿನೈದಾಯಿತು. ಏನೂ ಇಲ್ಲ. ಇಪ್ಪತ್ತಾಯಿತು. ಪ್ರೇಮನಾಥ ತಂತಿಯ ಕಡೆ ನೋಡುವುದನ್ನು ಬಿಟ್ಟು ಬಾಗಿಲ ಕಡೆ ನೋಡತೊಡಗಿದ. ಪೆರ್ಡೂರಿನಲ್ಲಿ ಭಟ್ಟರು, ಬೇಳೆ ಬೇಯುವುದನ್ನು ನೋಡಿ ರೂಢಿಯಾದವರು, ತಮ್ಮ ನಿಧಾನದಲ್ಲಿ ಎಣಿಸುತ್ತ ಕೂತಿದ್ದರು. ಅದು ಕಳವಾಕ್ಕೆ ಹೇಗೆ ತಿಳಿಯಬೇಕು? ಎಣಿಕೆ ಮೂವತ್ತಾಯಿತು.

"ಇಟ್ಟುಬಿಟ್ರು" ಎಂದರು ರಾಯರು, ರಿಸೀವರನ್ನು ಕಿವಿಯಿಂದ ಇಳಿಸಿ. "ನನ್ನ ಸ್ವರ ಕೇಳಿ ಇಟ್ಟುಬಿಟ್ರು."

"ಹೋಗ್ಲಿ ಬಿಡಿ" ಎಂದರು ವಾರಿಜಮ್ಮ. "ಲೋಕದಲ್ಲಿ ಅಡುಗೆಯವರು ಇವರೊಬ್ಬರೇನಾ? ಅಂಬರನಾಥದಲ್ಲಿ ಒಬ್ರು ಇದ್ದಾರಂತೆ, ನಾಳೆಯೇ ಬರ್ತಾರೆ."

ಆಗ ಮಧ್ವರಾಜ ರಾಯರು, ಕೈಯಲ್ಲಿ ರಿಸೀವರನ್ನು ಹಿಡಿದುಕೊಂಡೇ, ಹೆಂಡತಿಯ ಮೇಲೆ ಹಾರಿಬಿದ್ದರು.

"ಎಂತ ಮಾತಾಡ್ತಿ ನೀನು! ಯಾರನ್ನು ಬೇಕಾದ್ರೂ ತಂದು ಅಲ್ಲಿ ನಿಲ್ಲಿಸ್ಲಿಕ್ಕೆ ಅದೇನು ಕರೆಂಟು ಕಂಬವಾ? ಬೋರ್ಡಿನಲ್ಲಿ ಹೆಸರು ಮಾತ್ರ ನನ್ನದು. ಜನ ಬರುವುದು ಆ ಮನುಷ್ಯನ ಕೈಗೆ. ಅಪ್ಪ ತೀರಿಕೊಂಡ ವರ್ಷ ನಾನು ಎರಡು ತಿಂಗಳು ಈ ಗಲ್ಲಾದಲ್ಲಿ ಕೂತು ಸುಮ್ನೆ ಗೋಡೆ ನೋಡ್ತಿದ್ದೆ, ನಿನಗೆ ನೆನಪುಂಟಾ? ಆಗ ಹೋಟೆಲು ನಡೆಸಿದ್ದು ಯಾರು? ಒಂದು ಮಾತು ಆಡ್ಲಿಲ್ಲ, ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿ, ನನ್ನ ಮುಂದೆ ಒಂದು ಲೋಟ ಕಾಫಿ ಇಟ್ಟು ಹೋಗ್ತಿದ್ರು. ನನಗೊಬ್ಬ ಅಣ್ಣ ಇದ್ದಿದ್ರೂ ಅಷ್ಟು ಮಾಡ್ತಿರ್ಲಿಲ್ಲ. ಇಪ್ಪತ್ತೆರಡು ವರ್ಷ ಅವರ ಸಾಂಬಾರು ತಿಂದೆ, ಒಂದು ದಿನ ಚೆನ್ನಾಗುಂಟು ಅನ್ಲಿಲ್ಲ. ಅವರು ಶೆಟ್ರಲ್ಲಿಗೆ ಹೋದ್ರೆ ನನಗೆ ಆಗಬೇಕಾದ್ದೇ!"

ಹೇಳಿ ಮುಗಿಸಿ, ಚಾಳಿಯಂತೆ, ರಿಸೀವರನ್ನು ಕುಕ್ಕಿದರು.

ಪೆಟ್ಟಿಗೆಯ ದೀಪವನ್ನೇ ನೋಡುತ್ತಿದ್ದ ಶ್ರದ್ಧಾ ಮೆಲ್ಲಗೆ ಹೇಳಿದಳು, "ಅಂಕಲ್, ಲೈನ್ ಚಾಲೂ ಥಾ."

"ಅಂದ್ರೆ? ಭಟ್ರಿಗೆ ಕೇಳ್ತಾ?"

"ಪೂರಾ."

ರಾಯರ ಕಿವಿಯ ತುದಿ ಕೆಂಪಾಯಿತು. ಇಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದ ಯಜಮಾನಿಕೆ ಒಂದೇ ಏಟಿಗೆ ಬಯಲಾಗಿಹೋಯಿತು. ಅವರು ಪ್ರೇಮನಾಥನ ಅಂಗಿ ಹಿಡಿದುಕೊಂಡರು.

"ಏ ಮಾರಾಯ, ಐದು ಸೆಕೆಂಡು ಉಂಟಲ್ಲ! ಸಿಂಗಾಪುರದಲ್ಲೇ ಹಿಡಿದು ನಿಲ್ಲಿಸ್ಲಿಕ್ಕೆ ಆಗ್ತದಾ ನೋಡು!"

"ರಾಯ್ರೆ, ಸಿಂಗಾಪುರ ಅವರ ಭಾಗ" ಎಂದ ಪ್ರೇಮನಾಥ, ಶ್ರದ್ಧಾಳ ಕಡೆ ಬೆರಳು ತೋರಿಸಿ.

ಆ ಸಂಜೆ ಪೆರ್ಡೂರಿನಿಂದ ಸುದ್ದಿಯಿಲ್ಲ. ವಾರಿಜಮ್ಮ ಮೊಬೈಲ್ ಮಾಡಿದರೂ ಯಾರೂ ಎತ್ತಲಿಲ್ಲ. ಶುಕ್ರವಾರವೂ ಹಾಗೇ ಹೋಯಿತು. ಶನಿವಾರ ಬೆಳಿಗ್ಗೆ ಭಟ್ಟರು ನೆರೂಲಿನಲ್ಲಿ ಇಡ್ಲಿ ಇಳಿಸುತ್ತಿರಬಹುದು ಎಂದು ಲೆಕ್ಕ ಹಾಕುತ್ತ ರಾಯರು ಒಲೆಯ ಮುಂದೆ ನಿಂತು, ಕೊನೆಯ ಪ್ರಯತ್ನವೆಂದು ಒಂದು ಹಂಡೆ ಸಾಂಬಾರನ್ನು ಕಲಕುತ್ತಿದ್ದರು. ಹಿಂದಿನ ಬಾಗಿಲಲ್ಲಿ ನೆರಳು ಬಿತ್ತು.

ಭಟ್ಟರು. ಹೆಗಲಲ್ಲಿ ಚೀಲ, ಕೈಯಲ್ಲಿ ಕೊಡೆ, ಮುಖದಲ್ಲಿ ಏನೂ ಇಲ್ಲ.

"ಶೆಟ್ರ ಟಿಕೆಟು ವಾಪಸು ಕೊಟ್ಟೆ. ನನ್ನ ದುಡ್ಡಲ್ಲಿ ಬಂದದ್ದು" ಎಂದರು. ಒಳಗೆ ಬರಲಿಲ್ಲ. "ಫೋನಲ್ಲಿ ಎಂತದೋ ಹೇಳಿದ್ರಿ. ಹೆಂಡತಿಗೆ ಹೇಳಿದ್ದು ಅದು, ನನಗಲ್ಲ. ನನಗೆ ಹೇಳ್ಲಿಕ್ಕಿದ್ರೆ ಈಗ ಹೇಳಿ, ಬರ್ತೇನೆ. ಇಲ್ಲದಿದ್ರೆ ನೆರೂಲಿಗೆ ಗಾಡಿ ಉಂಟು."

ರಾಯರು ಸೌಟು ಬಿಟ್ಟು ತಿರುಗಿದರು. ಬಾಯಿ ತೆರೆದರು. ತಂದೆಯ ಮಾತು ಅಡ್ಡ ಬಂತೋ, ಗಂಡಸಿನ ನಾಚಿಕೆ ಅಡ್ಡ ಬಂತೋ, ಅಂತೂ ಐದು ಸೆಕೆಂಡು ಕಳೆಯಿತು, ಹತ್ತು ಕಳೆಯಿತು. ಮಾತು ಹೊರಡಲೇ ಇಲ್ಲ. ಕಣ್ಣು ಮಾತ್ರ ತುಂಬಿಕೊಂಡಿತು. ಗಲ್ಲಾದಿಂದ ಓಡಿ ಬಂದ ವಾರಿಜಮ್ಮ ಬಾಗಿಲಲ್ಲೇ ನಿಂತರು.

ಭಟ್ಟರು ಕಾದರು. ಒಂದು ಕ್ಷಣ ತಡವಾದ ಉತ್ತರವನ್ನೂ ಜನ್ಮದಲ್ಲಿ ಕ್ಷಮಿಸದಿದ್ದ ಮನುಷ್ಯ ಕೊಡೆ ಊರಿಕೊಂಡು ನಿಂತು, ಒಂದು ನಿಮಿಷ ಪೂರ್ತಿ ಕಾದರು.

"ಸಾಕು ರಾಯ್ರೆ" ಎಂದರು ಆಮೇಲೆ. "ಮುಟ್ಟಿತು."

ಚೀಲವನ್ನು ಮೊಳೆಗೆ ಸಿಕ್ಕಿಸಿ, ಪಂಚೆ ಎತ್ತಿ ಕಟ್ಟಿ, ಒಲೆಯ ಹತ್ತಿರ ಬಂದು ಹಂಡೆಯೊಳಗೆ ಬಗ್ಗಿ ನೋಡಿದರು. ಒಂದು ತೊಟ್ಟು ಅಂಗೈಗೆ ಹಾಕಿ ನೆಕ್ಕಿದರು. ಹಂಡೆಯ ಎರಡು ಕಿವಿ ಹಿಡಿದು ಎತ್ತಿ, ಮೋರಿಯ ಹತ್ತಿರ ಒಯ್ದು ಪೂರ್ತಿ ಸುರಿದರು. ರಾಯರು ಕಣ್ಣೊರೆಸಿಕೊಂಡು ಅವರಿಗೆ ಬೇಳೆಯ ಡಬ್ಬಿ ತಂದುಕೊಟ್ಟರು.